ಹೊಲಿಗೆ ಬಿಚ್ಚಿದ ಮಳೆಗಾಲ

2025ರ ಮೇ ತಿಂಗಳ ಕೊನೆಯಲ್ಲಿ ಅಕ್ಕನ ಮಗ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ. ಆ ತಿಂಗಳ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ ಹಾಯಿ ಹಡಗೊಂದರ ವಿಡಿಯೋ ಅದು. ಹಡಗಿನ ಹೆಸರು ಕೌಂಡಿನ್ಯ. ಅಜಂತಾದ ಐದನೆಯ ಶತಮಾನದ ಚಿತ್ರವೊಂದರಲ್ಲಿರುವ ಹಡಗನ್ನು ಮಾದರಿಯಾಗಿಟ್ಟುಕೊಂಡು, ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ್ದು. ವಿಡಿಯೋದ ಕೆಳಗೆ ಅವನು ಬರೆದಿದ್ದ: “ಚಿಕ್ಕಿ, ಇದ್ ಕಂಡ್ಯಾ? ಹಡ್ಗ್ ಹೊಲಿತ್ರಂಬ್ರ್!”

ಹೆಬ್ಬೆರಳಿನ ಗುರುತೊಂದನ್ನು ಒತ್ತಿ ಸುಮ್ಮನಾದೆ. ಆಮೇಲೆ ರಾತ್ರಿ ಅದೇ ವಿಡಿಯೋವನ್ನು ನಾಲ್ಕೈದು ಸಲ ನೋಡಿದೆ. ಒಂದು ಕಡೆ ಕ್ಯಾಮೆರಾ ಹಡಗಿನ ಒಳಮೈ ತೋರಿಸುತ್ತದೆ. ಎರಡು ಹಲಗೆ ಕೂಡುವ ಗೆರೆಯ ಮೇಲೆ ನಾರಿನ ಉದ್ದನೆಯ ದಿಂಡು, ಅದರ ಮೇಲೆ ಅಡ್ಡಡ್ಡ ಹಾಯ್ದು ಹೋದ ಹುರಿ. ಅಲ್ಲಿಗೆ ನಿಲ್ಲಿಸಿ ನೋಡಿದೆ. ನನಗೆ ಅದು ಗೊತ್ತಿತ್ತು. 1996ರ ಮಳೆಗಾಲದಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಅಂಥದ್ದೇ ಹೊಲಿಗೆಯನ್ನು ನಾನು ಕತ್ತಿ ಹಿಡಿದು ಕೊಯ್ದಿದ್ದೆ. ಕೊಯ್ದದ್ದು ಸೌದೆಗೆ. ಆ ಸೌದೆಯಲ್ಲಿ ಕಾಯಿಸಿದ ನೀರಿನಲ್ಲೇ ಈ ಹುಡುಗನನ್ನು ಮೀಯಿಸಿದ್ದು. ಅದನ್ನು ಅವನಿಗೆ ಹೇಗೆ ಬರೆಯುವುದೆಂದು ಗೊತ್ತಾಗಲಿಲ್ಲ.

ನಮ್ಮ ಮನೆ ಕುಂದಾಪುರದಿಂದ ಉತ್ತರಕ್ಕೆ, ಒಂದು ಬದಿಗೆ ಕಡಲು ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ ಇರುವ ಕಿರಿದಾದ ಹೊಯ್ಗೆ ಪಟ್ಟಿಯಲ್ಲಿದೆ. ಹೊರಗಿನವರು ನಮ್ಮನ್ನು ಮೊಗವೀರರು ಎನ್ನುತ್ತಾರೆ, ಹಳಬರ ಬಾಯಲ್ಲಿ ಮರಕಾಲರು. ತಮಿಳಿನಲ್ಲಿ ಮರಕ್ಕಲಂ ಎಂದರೆ ಮರದ ಹಡಗು. ಈ ಎರಡು ಶಬ್ದಗಳಿಗೂ ನಂಟಿದೆ ಎಂದು ನಂಬಲು ನನಗೆ ಇಷ್ಟ. ನಮ್ಮ ಹೆಸರಿನಲ್ಲೇ ಮರ ಇದೆಯಲ್ಲ ಎಂಬ ಸಣ್ಣ ಹೆಮ್ಮೆ.

ನಾನು ಕೊಯ್ದದ್ದು ರಂಪಣಿ ದೋಣಿ. ರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ಹಗ್ಗದ ಒಂದು ತುದಿಯನ್ನು ದಡದಲ್ಲಿದ್ದವರ ಕೈಗೆ ಕೊಟ್ಟು, ಬಲೆ ಹೇರಿಕೊಂಡ ದೋಣಿ ಕಡಲಿಗೆ ಇಳಿಯುತ್ತದೆ. ಮೀನಿನ ಹಿಂಡನ್ನು ಸುತ್ತುವರಿದು ಅರ್ಧ ಚಂದ್ರದಂತೆ ಬಲೆ ಬಿಟ್ಟುಕೊಂಡು ಹೋಗಿ, ಇನ್ನೊಂದು ತುದಿಯನ್ನು ದೂರದಲ್ಲಿ ಮತ್ತೆ ದಡಕ್ಕೆ ತರುತ್ತದೆ. ಆಮೇಲೆ ಎರಡೂ ಕಡೆಯಿಂದ ಊರಿಗೆ ಊರೇ ಸೇರಿ ಎಳೆಯುವುದು. ಬೈಗೆ, ಬಂಗುಡೆ ಬಿದ್ದ ದಿನ ಹಗ್ಗಕ್ಕೆ ಕೈ ಹಚ್ಚಿದ ಮುದುಕರಿಗೂ ಪಾಲು ಸಿಗುತ್ತಿತ್ತೆಂದು ಅಜ್ಜಿ ಹೇಳುತ್ತಿದ್ದಳು.

ಈ ದೋಣಿಗೆ ಬಂದರು ಬೇಡ. ನೇರ ಹೊಯ್ಗೆಯಿಂದ ಇಳಿಯಬೇಕು, ತೆರೆ ಒಡೆಯುವ ಜಾಗ ದಾಟಬೇಕು, ಮತ್ತೆ ತೆರೆಯ ಜೊತೆಗೇ ಬಂದು ಹೊಯ್ಗೆಗೆ ಬಡಿದು ನಿಲ್ಲಬೇಕು. ದಿನಾ ಹೀಗೆ ಪೆಟ್ಟು ತಿನ್ನುವ ದೋಣಿಗೆ ಮೊಳೆ ಹೊಡೆದರೆ ಮೊಳೆಯ ಸುತ್ತ ಮರ ಸೀಳುತ್ತದೆ, ಉಪ್ಪುನೀರಿಗೆ ಮೊಳೆ ತುಕ್ಕು ಹಿಡಿಯುತ್ತದೆ. ಹೊಲಿದ ದೋಣಿಯಾದರೆ ಪೆಟ್ಟು ಬಿದ್ದಾಗ ಹಲಗೆಗಳು ಒಂದಿಷ್ಟು ಬಳುಕುತ್ತವೆ, ಹುರಿ ಹಿಡಿದುಕೊಳ್ಳುತ್ತದೆ. ಮಾರ್ಕೋ ಪೋಲೋ ಹದಿಮೂರನೆಯ ಶತಮಾನದಲ್ಲಿ ಹೊರ್ಮುಜ್ ಬಂದರಿನಲ್ಲಿ ತೆಂಗಿನ ನಾರಿನಿಂದ ಹೊಲಿದ ಹಡಗುಗಳನ್ನು ಕಂಡು, ಇವು ಬಹಳ ಕೆಟ್ಟ ಹಡಗುಗಳು, ಎಷ್ಟೋ ಮುಳುಗಿಹೋಗುತ್ತವೆ ಎಂದು ಬರೆದುಬಿಟ್ಟ. ಅವನನ್ನು ಒಂದು ಸಲ ನಮ್ಮ ಕಡಲಕರೆಯ ತೆರೆಯಲ್ಲಿ ಇಳಿಸಬೇಕಿತ್ತು ಅನಿಸುತ್ತದೆ.

ದೋಣಿ ಕಟ್ಟಿದ್ದು ಹೊಳೆಯಾಚೆಯ ಆಚಾರಿಯವರು. ಮರ ಮಾವಿನದು, ಅಡಿಗೆ ಹೆಬ್ಬಲಸು. ಅವರ ಹತ್ತಿರ ನಕ್ಷೆ ಎಂಬುದು ಇರಲಿಲ್ಲ. ಮನೆ ಕಟ್ಟುವವರು ಮೊದಲು ಕಂಬ ನಿಲ್ಲಿಸುತ್ತಾರಲ್ಲ, ಇಲ್ಲಿ ಅದರ ತಿರುಗುಮುರುಗು. ಮೊದಲು ಅಡಿಮರ, ಅದಕ್ಕೆ ಹಲಗೆ, ಹಲಗೆಗೆ ಹಲಗೆ. ಹೊಟ್ಟೆ ಪೂರ್ತಿ ಆದ ಮೇಲೆ ಒಳಗೆ ಪಕ್ಕೆಲುಬುಗಳನ್ನು ಕೂರಿಸುವುದು. ಎಲ್ಲಿ ಎಷ್ಟು ಬಾಗಬೇಕು ಎಂಬುದು ಬಾಚಿ ಹಿಡಿದ ಕೈಗೆ ಗೊತ್ತು. ಅಪ್ಪಯ್ಯ ಹೇಳುವ ಪ್ರಕಾರ, ಆಚಾರಿಯವರು ಆಗಾಗ ಹತ್ತು ಹೆಜ್ಜೆ ದೂರ ಹೋಗಿ ಹೊಯ್ಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಒಂದು ಬೀಡಿ ಮುಗಿಯುವವರೆಗೆ ದೋಣಿಯನ್ನೇ ನೋಡುತ್ತಿದ್ದರು. ಅದೇ ಅವರ ಅಳತೆ. ಆಮೇಲೆ ಎದ್ದು ಬಂದು ಒಂದು ಕಡೆ ನೂಲಿನಷ್ಟು ಕೆತ್ತುತ್ತಿದ್ದರು.

ಹಲಗೆಯ ಅಂಚಿನುದ್ದಕ್ಕೂ ಬೈರಿಗೆಯಿಂದ ತೂತು ಕೊರೆಯುವುದು. ಒಳಬದಿಯಲ್ಲಿ ಕೂಡುಗೆರೆಯ ಮೇಲೆ ನಾರಿನ ದಿಂಡು ಇಟ್ಟು, ಒಳಗೊಬ್ಬ ಹೊರಗೊಬ್ಬ ಕೂತು ಹುರಿ ಎಳೆದು ಬಿಗಿಯುವುದು. ತೂತುಗಳಿಗೆ ನಾರು ತುರುಕಿ ರಾಳ ಮೆತ್ತುವುದು. ಮೇಲೆ ಮೀನೆಣ್ಣೆ, ಗೇರೆಣ್ಣೆ. ಹೀಗೆ ಬರೆದರೆ ಐದು ಸಾಲು. ಆದರೆ ಈ ಹುರಿ ಎಲ್ಲಿಂದ ಬಂತು ಎಂದು ದೋಣಿಯ ಕತೆ ಹೇಳುವ ಗಂಡಸರು ಯಾರೂ ಹೇಳುವುದಿಲ್ಲ.

ಅದು ಅಜ್ಜಿಯ ತೊಡೆಯಿಂದ ಬಂತು. ತೆಂಗಿನ ಸಿಪ್ಪೆಯನ್ನು ಹೊಳೆಯ ಕೆಸರಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟು, ಕೊಳೆತ ಮೇಲೆ ತೆಗೆದು, ಕೊಡತಿಯಿಂದ ಬಡಿದು, ನಾರು ಬಿಡಿಸಿ, ಒಣಗಿಸಿ, ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಕಾಲು ಚಾಚಿ ಕೂತು ಹೊಸೆಯುತ್ತಿದ್ದಳು. ಅವಳ ಬಲತೊಡೆಯ ಮೇಲಿನ ಚರ್ಮ ಹೊಸೆದು ಹೊಸೆದು ಅಂಗಾಲಿನಂತೆ ದಪ್ಪಗಾಗಿತ್ತು. ಚಿಕ್ಕವಳಿದ್ದಾಗ ನಾನು ಅದನ್ನು ಮುಟ್ಟಿ ನೋಡುತ್ತಿದ್ದೆ. ಕೆರೆಯ ನಾತ ಇಡೀ ಮನೆಗೆ. ದೋಣಿಯ ಹುರಿಗೆ ಅವಳು ಒಂದು ಪೈಸೆಯನ್ನೂ ಯಾರಿಂದಲೂ ತೆಗೆದುಕೊಂಡವಳಲ್ಲ, ಮನೆಯ ಕೆಲಸವಲ್ಲವೇ. ಹೆಂಗಸರು ದೋಣಿ ಹತ್ತಬಾರದು ಎಂಬ ಕಟ್ಟು ಬೇರೆ ನಮ್ಮಲ್ಲಿತ್ತು. ಹೊಸ ದೋಣಿಯನ್ನು ಕಡಲಿಗೆ ಇಳಿಸುವಾಗ ಕಾಯಿ ಒಡೆದು ಗಂಡಸರೆಲ್ಲ ಕೂಗು ಹಾಕುತ್ತಿದ್ದರೆ ಅಜ್ಜಿ ದೂರದಲ್ಲಿ ಸೆರಗು ಹೊದ್ದು ನಿಂತಿರುತ್ತಿದ್ದಳಂತೆ.

ಎಪ್ಪತ್ತರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರಬೇಕಿದ್ದ ಬೈಗೆ, ಬಂಗುಡೆಗಳನ್ನು ಅವು ಕಡಲಲ್ಲೇ ಸುತ್ತಿ ಎತ್ತತೊಡಗಿದವು. ರಂಪಣಿಯವರಿಗೂ ಬೋಟಿನವರಿಗೂ ಜಗಳಗಳಾದವು. ಕೆಲವೇ ವರ್ಷಗಳಲ್ಲಿ ರಂಪಣಿ ಬಲೆಗಳು ಅಟ್ಟ ಸೇರಿದವು, ನಿನ್ನೆ ಬೈದವರೇ ಇವತ್ತು ಬೋಟಿನಲ್ಲಿ ಕೂಲಿಗೆ ಹೋದರು. ಅಪ್ಪಯ್ಯನೂ ಹೋದರು. ದೋಣಿಯನ್ನು ಮನೆಯ ಹಿಂದೆ ಮಡಲಿನ ಮಾಡಿನ ಕೆಳಗೆ ಮಗುಚಿ ಹಾಕಿದ್ದರು. ನಾನು ನೋಡುವ ಕಾಲಕ್ಕೆ ಅದು ಕೋಳಿಗಳು ಮೊಟ್ಟೆಯಿಡುವ ಜಾಗ. ನಾವು ಮಕ್ಕಳು ಅದರೊಳಗೆ ಅಡಗಿ ಕೂರುತ್ತಿದ್ದೆವು. ಒಳಗೆ ಮೀನೆಣ್ಣೆಯ ಹಳೆಯ ವಾಸನೆ, ಹುರಿಯ ಸಂದಿನಿಂದ ಸೂಜಿಯಂತೆ ಬರುವ ಬೆಳಕು.

1996ರಲ್ಲಿ ಅಕ್ಕ ಬಾಣಂತಿಯಾಗಿ ಮನೆಗೆ ಬಂದಳು. ಆಷಾಢದ ಜಡಿಮಳೆ. ಬಾಣಂತಿಗೆ ದಿನಾ ಹಂಡೆಗಟ್ಟಲೆ ಬಿಸಿನೀರು ಬೇಕು, ಮಗುವಿಗೆ ಎರಡು ಹೊತ್ತು. ಸೌದೆ ಕೊಟ್ಟಿಗೆ ಸೋರಿ ಇದ್ದ ಸೌದೆಯೆಲ್ಲ ಹಸಿಯಾಗಿತ್ತು, ಕೊಳ್ಳಲು ದುಡ್ಡಿರಲಿಲ್ಲ. ಕಡಲಿಗೆ ಹೋಗುವ ಕಾಲವೂ ಅಲ್ಲ. ಒಂದು ಬೆಳಿಗ್ಗೆ ಅಪ್ಪಯ್ಯ ಹಿತ್ತಲಿಗೆ ಹೋಗಿ ದೋಣಿಯ ಸುತ್ತ ಒಂದು ಸುತ್ತು ಬಂದರು. ಒಳಗೆ ಬಂದು ನನ್ನ ಕೈಗೆ ಕತ್ತಿ ಕೊಟ್ಟು, “ನೀ ಹುರಿ ಕೊಯ್ಕಂಡ್ ಹೋಗ್, ನಾ ಹಲ್ಗಿ ಬಿಡಿಸ್ತೆ” ಅಂದರು. ಅಜ್ಜಿ ಆಗ ಬದುಕಿದ್ದಳು. ಬಚ್ಚಲ ಬಾಗಿಲಲ್ಲಿ ನಿಂತು ನೋಡಿದಳು. ಬೇಡ ಅನ್ನಲಿಲ್ಲ.

ಹೊಲಿಗೆ ಹೇಗಿತ್ತು ಎಂದು ನಾನು ಕಲಿತದ್ದು ಆ ದಿನ. ಮೇಲೆ ಕಾಣುವ ಹುರಿ ಕಪ್ಪಾಗಿ ಕಲ್ಲಿನಂತಾಗಿತ್ತು. ಅದನ್ನು ಕೊಯ್ದು ಎಳೆದರೆ ತೂತಿನೊಳಗಿದ್ದ ಭಾಗ ಇನ್ನೂ ಜೇನಿನ ಬಣ್ಣಕ್ಕೆ, ನಿನ್ನೆ ಹೊಸೆದ ಹಾಗೆ ಇತ್ತು. ಒಂದು ತೂತಿನಿಂದ ನೇರ ಎದುರಿನದಕ್ಕೆ, ಅಲ್ಲಿಂದ ಓರೆಯಾಗಿ ಮುಂದಿನದಕ್ಕೆ, ಮತ್ತೆ ಹಿಂದಕ್ಕೆ. ಹೊರಮೈಯಲ್ಲಿ ಹುರಿ ಕೂರಲು ಸಣ್ಣ ಗಾಡಿ ತೋಡಿದ್ದರು, ಹೊಯ್ಗೆಗೆ ಉಜ್ಜಿ ಸವೆಯಬಾರದೆಂದು. ಎಲ್ಲೂ ದೊಡ್ಡ ಗಂಟಿಲ್ಲ. ಹತ್ತಿರ ಹತ್ತಿರ ಮಧ್ಯಾಹ್ನದವರೆಗೆ ಕೊಯ್ದೆ. ಒಂದು ಕಡೆಯ ಹೊಲಿಗೆ ಪೂರ್ತಿ ಹೋದರೂ ಹಲಗೆಗಳು ಬೀಳಲಿಲ್ಲ, ಒಂದಕ್ಕೊಂದು ಅಂಟಿಕೊಂಡೇ ನಿಂತಿದ್ದವು. ಅಪ್ಪಯ್ಯ ಕೊಡಲಿಯ ಹಿಂಬದಿಯಿಂದ ಬಡಿದ ಮೇಲೆ ಬಿಟ್ಟವು.

ಎಣ್ಣೆ ಕುಡಿದ ಮರ ಚೆನ್ನಾಗಿ ಉರಿಯಿತು. ತಿಂಗಳ ಮೇಲೆ ಬಂತು. ಮಗುವಿನ ಮೈಗೂ ಮೀನೆಣ್ಣೆಯ ಹೊಗೆ ವಾಸನೆ ಎಂದು ಅಕ್ಕನ ಅತ್ತೆ ಮೂಗು ಮುರಿದಿದ್ದರು.

ಕಾರವಾರದ ಹಡಗಿನ ವಿಡಿಯೋ ನೋಡಿದ ಮೇಲೆ ಸಂಕಟವಾದದ್ದು ನಿಜ. ಅಜಂತಾದ ಚಿತ್ರದಲ್ಲಿ ಹಡಗಿನ ಒಂದು ಬದಿ ಮಾತ್ರ ಕಾಣುತ್ತದೆ. ಅದನ್ನೇ ಇಟ್ಟುಕೊಂಡು ಹಡಗಿನ ಆಕಾರವನ್ನು ಕಂಡುಕೊಳ್ಳಬೇಕಾಯಿತು, ಮದ್ರಾಸಿನ ಐಐಟಿಯಲ್ಲಿ ಪರೀಕ್ಷೆಗಳು ನಡೆದವು, ಕೇರಳದ ಬಾಬು ಶಂಕರನ್ ಮುಂದೆ ನಿಂತು ಹೊಲಿಸಿದರು. ಅಷ್ಟು ಕಷ್ಟಪಟ್ಟು ಹುಡುಕಿ ತಂದದ್ದನ್ನು ನಾವು ಬಚ್ಚಲ ಒಲೆಗೆ ಹಾಕಿದೆವಲ್ಲ! ಊರಿಗೆ ಹೋದಾಗ ಅಪ್ಪಯ್ಯನ ಹತ್ತಿರ ಹಾಗೇ ಅಂದೆ. ಅವರಿಗೆ ಈಗ ಎಂಬತ್ತು ದಾಟಿದೆ. ವಿಡಿಯೋ ಪೂರ್ತಿ ನೋಡಿ, ಹುರಿ ಬಿಗಿಯುವ ಕಡೆ “ಹಾಂ, ಹಾಂಗೆ” ಎಂದು ತಲೆದೂಗಿದರು. ಆಮೇಲೆ ನನ್ನ ಮುಖ ನೋಡಿ ಅಂದರು:

“ನಿಂಗೆಂತ ಹೆಣೆ, ದೂರ ಕೂಕಂಡ್ ಚಂದ ಕಾಂತ್. ವರ್ಷಾ ವರ್ಷಾ ಬಿಚ್ಚೂದ್, ಹೊಲೂದ್. ಎಣ್ಣಿ ಹಚ್ಚದಿದ್ರೆ ನೀರ್ ಒಳ್ಗೆ. ಒಬ್ಬ ಬಲೆ ಎಳೂದಾರೆ ಒಬ್ಬ ನೀರ್ ಮೊಗೂದ್. ಈಗಿನ್ ಫೈಬರ್ ದ್ವಾಣಿ ನಾಕ್ ಜನ ಹೊತ್ಕಂಡ್ ಹೋಪುಕಾತ್ತ್.”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಪರಂಪರೆ ಎಂದು ನಾವು ಪುಸ್ತಕದವರು ಕರೆಯುವುದು ಅವರಿಗೆ ಪ್ರತಿ ವರ್ಷದ ಬೆನ್ನುನೋವು. ದೋಣಿ ಸುಟ್ಟದ್ದಕ್ಕೆ ಅವರಿಗೆ ಪಶ್ಚಾತ್ತಾಪವಿಲ್ಲ, ಇರಬೇಕೆಂದು ಕೇಳುವ ಹಕ್ಕು ನನಗಿದೆ ಅನಿಸುವುದೂ ಇಲ್ಲ. ಆದರೆ ಅದೇ ಅಪ್ಪಯ್ಯ, ಬೈರಿಗೆಯ ತೂತುಗಳು ಎಷ್ಟು ಬೆರಳಿಗೊಂದು ಇರಬೇಕೆಂದು ನಾನು ಕೇಳಿದಾಗ, ಗಾಳಿಯಲ್ಲೇ ಬೆರಳಿಟ್ಟು ತಡಮಾಡದೆ ತೋರಿಸಿದರು.

ಮರುದಿನ ನನ್ನನ್ನು ಹೊಳೆಯಾಚೆಗೆ ಕರೆದುಕೊಂಡು ಹೋದರು. ಆಚಾರಿಯವರು ತೀರಿಹೋಗಿ ಎಷ್ಟೋ ವರ್ಷವಾಯಿತು. ಮಗ ಅದೇ ಜಾಗದಲ್ಲಿ ಶೆಡ್ ಹಾಕಿ ಫೈಬರ್ ದೋಣಿ ಮಾಡುತ್ತಾರೆ. ಕಣ್ಣು ಉರಿಯುವ ರಾಸಾಯನಿಕದ ವಾಸನೆ, ಮೈ ತುರಿಸುವ ಗಾಜಿನ ಎಳೆಯ ಧೂಳು. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ ಇರುವಾಗ ಕಡಲಿಗೆ ಇಳಿಯುವ ‘ನಾಡದೋಣಿ’ಗಳು ಇಂಥ ಶೆಡ್ಡುಗಳಿಂದಲೇ ಬರುವುದು. ನಾಡಿನ ಮರದ ಒಂದು ಚೂರೂ ಇಲ್ಲದ ನಾಡದೋಣಿ. ಅತ್ತ ಮಲ್ಪೆಯಲ್ಲಿ ಕೊಚ್ಚಿನ್ ಶಿಪ್‌ಯಾರ್ಡಿನ ಅಂಗಸಂಸ್ಥೆ ನಾರ್ವೆಯ ಕಂಪನಿಗೆ ಸರಕು ಹಡಗು ಕಟ್ಟಿಕೊಡುತ್ತಿದೆ. ದೋಣಿ ಕಟ್ಟುವ ಕೆಲಸ ನಮ್ಮ ಕರಾವಳಿಯಲ್ಲಿ ನಿಂತಿದೆ ಎಂದು ಯಾರೂ ಹೇಳುವಂತಿಲ್ಲ.

ಶೆಡ್ಡಿನ ಮೂಲೆಯಲ್ಲಿ ಒಂದು ಹಳೆಯ ಅಚ್ಚು ಮಗುಚಿ ಬಿದ್ದಿತ್ತು. ಆಚಾರಿಯವರ ಮಗ ಅದರ ಬೆನ್ನು ತಟ್ಟಿ, “ಅಪ್ಪಯ್ಯ ಮಾಡಿದ್ ಕಡೀ ಮರದ್ ದ್ವಾಣಿ ಮೇಲಿಂದ್ ತೆಗ್ದದ್” ಅಂದರು. ಮರದ ದೋಣಿಯ ಮೈಮೇಲೆ ಫೈಬರ್ ಹಚ್ಚಿ, ಒಣಗಿದ ಮೇಲೆ ಕಳಚಿ ತೆಗೆದ ಅಚ್ಚು. ಅದರಿಂದ ಎಷ್ಟೋ ದೋಣಿಗಳು ಹೋಗಿವೆಯಂತೆ. ಹಾಗಾದರೆ ಬೀಡಿ ಸೇದುತ್ತ ಕೂತು ನೋಡಿದ ಆ ಬಾಗು ಇನ್ನೂ ಕಡಲಲ್ಲಿ ಓಡಾಡುತ್ತಿದೆ. ನಾನು ಒಳಗೆ ಕೈ ಆಡಿಸಿದೆ. ಒಂದೆರಡು ಕಡೆ ಬಾಚಿಯ ಗುರುತೂ ಮೂಡಿತ್ತು.

ಡಿಸೆಂಬರ್ 29ರಂದು ಕೌಂಡಿನ್ಯ ಪೋರಬಂದರಿನಿಂದ ಮಸ್ಕತ್ತಿಗೆ ಹೊರಟಿತು. ಆ ವಾರ ಅಕ್ಕನ ಮಗ ರಜೆ ಹಾಕಿ ಊರಿಗೆ ಬಂದಿದ್ದ, ನಾನೂ ಹೋಗಿದ್ದೆ. ಕೊನೆಗೂ ಅವನಿಗೆ ಎಲ್ಲ ಹೇಳಿದೆ. ಮೊದಲು ಜೋರಾಗಿ ನಕ್ಕ. ಆಮೇಲೆ ಏನಾದರೂ ಉಳಿದಿದೆಯಾ ಎಂದು ಕೇಳಿದ. ಒಂದು ಹಲಗೆ ಉಳಿದಿತ್ತು, ಕೋಳಿಗೂಡಿನ ಬಾಗಿಲಾಗಿ. ಅದನ್ನು ಕಳಚಿ ತೊಳೆದು ಜಗಲಿಯಲ್ಲಿಟ್ಟ. ಅಪ್ಪಯ್ಯ ತೂತುಗಳಲ್ಲಿ ಪ್ಲಾಸ್ಟಿಕ್ ಹಗ್ಗ ಹಾಯಿಸಿ ಮೊಮ್ಮಗನಿಗೆ ಹೊಲಿಗೆ ತೋರಿಸಿದರು. ಹಗ್ಗ ಜಾರುತ್ತಿತ್ತು, ಬಿಗಿ ನಿಲ್ಲಲಿಲ್ಲ.

“ಇದಕ್ ನಾರಿನ್ ಹುರಿಯೇ ಆಯ್ಕ್” ಅಂದರು.

“ಹೊಸ್ದ್ ಕೊಡ್ ಅಜ್ಜ” ಅಂದ ಅವನು.

ಅಪ್ಪಯ್ಯ ಅಂಗೈ ನೋಡಿಕೊಂಡರು. “ನಂಗ್ ಬತ್ತಿಲ್ಲ. ಅದ್ ಅಬ್ಬಿ ಕೆಲ್ಸ.”

ಅಜ್ಜಿ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಅವಳಿಂದ ಕಲಿತುಕೋ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನೋಡಿದ್ದೆ, ಅಷ್ಟೆ. ಹಿತ್ತಲಿನಿಂದ ಒಂದು ಸಿಪ್ಪೆ ತಂದು ಬಡಿದು ನಾರು ಬಿಡಿಸಿದೆ. ಜಗಲಿಯಲ್ಲಿ ಕಾಲು ಚಾಚಿ ಕೂತು, ಸೀರೆ ಮೇಲೆತ್ತಿ, ಎರಡು ಎಳೆಗಳನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಮುಂದಕ್ಕೆ ಉರುಳಿಸಿ ಹಿಂದಕ್ಕೆ ಎಳೆದೆ. ಹತ್ತು ನಿಮಿಷಕ್ಕೆ ಚರ್ಮ ಕೆಂಪಾಯಿತು. ಒಂದು ಮೊಳದಷ್ಟು ಆಯಿತು.

ಅಪ್ಪಯ್ಯ ಎರಡು ತುದಿ ಹಿಡಿದು ಎಳೆದು ನೋಡಿದರು. ನಡುವಿನಲ್ಲಿ ತುಂಡಾಯಿತು.

“ಸಡ್ಲ ಆಯ್ತ್” ಅಂದರು. “ಇನ್ನೊಂದ್ ಸಲ ಹೊಸಿ.”

ನಾನು ಇನ್ನೊಂದು ಹಿಡಿ ನಾರು ತೆಗೆದುಕೊಂಡೆ.