ಅದು ಯಾವ ಬೆಟ್ಟ?

ಬೆಟ್ಟದ ತುದಿ ಮುಟ್ಟಿದವರು ಮೊದಲು ಏದುಸಿರು ಬಿಡುತ್ತಾರೆ, ಆಮೇಲೆ ಬುತ್ತಿ ಬಿಚ್ಚುತ್ತಾರೆ, ಕೊನೆಗೆ ದೂರದ ಬೆಟ್ಟಗಳಿಗೆಲ್ಲ ಹೆಸರಿಡುತ್ತಾರೆ. ಈ ನಾಮಕರಣವನ್ನು ಸಾಮಾನ್ಯವಾಗಿ ಗಂಡಸರೇ ವಹಿಸಿಕೊಳ್ಳುವುದು. "ಅದೋ ಅದು ಕುದುರೆಮುಖ, ಇದು ಕೊಡಚಾದ್ರಿ" ಎಂದು ಕೈ ಚಾಚಿಬಿಟ್ಟರೆ ಮುಗಿಯಿತು. ನಾವು ಚಪಾತಿಗೆ ಚಟ್ನಿಪುಡಿ ಹಾಕಿಕೊಡುತ್ತ ಹೂಂಗುಟ್ಟುತ್ತೇವೆ. ಬೆಟ್ಟವೇನು ಎದ್ದು ಬಂದು "ನಾನು ಅದಲ್ಲ" ಎನ್ನುತ್ತದೆಯೇ?

ಸಮಾಜ ಪಾಠ ಹೇಳುವ ನನ್ನ ಚೀಲದಲ್ಲಿ ಶಾಲೆಯ ಪ್ರವಾಸಕ್ಕೆ ಹೊರಟಾಗಲೆಲ್ಲ ಒಂದು ದಿಕ್ಸೂಚಿ ಇರುತ್ತದೆ. ಕುಂಕುಮದ ಭರಣಿಯಷ್ಟೇ ದೊಡ್ಡದು. ಉತ್ತರಕ್ಕೆ ಸೊನ್ನೆ, ಪೂರ್ವಕ್ಕೆ 90, ದಕ್ಷಿಣಕ್ಕೆ 180, ಪಶ್ಚಿಮಕ್ಕೆ 270 ಡಿಗ್ರಿ. ನಕಾಶೆಯಲ್ಲಿ ನಾವು ನಿಂತ ಜಾಗದಿಂದ ಬೆಟ್ಟಕ್ಕೆ ಗೆರೆ ಎಳೆದು ಕೋನ ಅಳೆಯಬೇಕು. ಮೇಲೆ ಹೋಗಿ ಅದೇ ಕೋನಕ್ಕೆ ತಿರುಗಿ ನೋಡಬೇಕು. ಲೆಕ್ಕ ಅಷ್ಟೇ.

ಹೀಗೊಮ್ಮೆ ಒಂಬತ್ತನೇ ತರಗತಿಯ ಹುಡುಗಿಯರೊಂದಿಗೆ ಮುಳ್ಳಯ್ಯನಗಿರಿಗೆ ಹೋಗಿದ್ದೆ. ಸುಮಾರು 1,930 ಮೀಟರ್ ಎತ್ತರದ ಅದು ನಮ್ಮ ರಾಜ್ಯಕ್ಕೇ ಎತ್ತರದ ಬೆಟ್ಟ. ಅಲ್ಲಿಂದ ಕುದುರೆಮುಖದ ಶಿಖರ ಸುಮಾರು 240 ಡಿಗ್ರಿಗೆ, ಅಂದರೆ ನೈರುತ್ಯಕ್ಕಿಂತ ತುಸು ಪಶ್ಚಿಮಕ್ಕೆ ಬರಬೇಕೆಂದು ಹುಡುಗಿಯರು ಮೊದಲೇ ಗೆರೆ ಎಳೆದು ತಂದಿದ್ದರು. ಪಕ್ಕದಲ್ಲಿದ್ದ ಬೇರೆ ಗುಂಪಿನ ಹಿರಿಯರೊಬ್ಬರು ಎದ್ದು ಕಾಣುವ ಒಂದು ಶಿಖರ ತೋರಿಸಿ ಅದೇ ಕುದುರೆಮುಖ ಎಂದರು. ನಮ್ಮ ಹುಡುಗಿಯೊಬ್ಬಳು ದಿಕ್ಸೂಚಿ ಹಿಡಿದಳು. ಮುಳ್ಳು 222 ಎಂದಿತು. "ಅದಲ್ಲ ಅನ್ಸುತ್ತೆ ಸಾರ್" ಎಂದಳು ಮೆಲ್ಲಗೆ.

"ಹದಿನೈದು ವರ್ಷದಿಂದ ಬರ್ತಿದೀನಮ್ಮ. ಆ ಆಟದ ಸಾಮಾನು ಹಿಡ್ಕೊಂಡು ನಂಗೇ ಹೇಳ್ಕೊಡ್ತೀಯಾ?" ಎಂದು ಅವರು ನಕ್ಕರು. ಜೊತೆಗಿದ್ದವರೂ ನಕ್ಕರು. ಹುಡುಗಿಯ ಕಣ್ಣು ನೆಲಕ್ಕೆ ಇಳಿಯಿತು. ಆ ಕಣ್ಣು ಹಾಗೆ ಇಳಿಯುವುದನ್ನು ನಾನು ತರಗತಿಯಲ್ಲಿ ಎಷ್ಟು ಸಲ ನೋಡಿದ್ದೇನೆ! ಒಮ್ಮೆ ಇಳಿದರೆ ಮತ್ತೆ ಏಳುವುದು ಕಷ್ಟ.

ನಾನು ಅವರೊಡನೆ ವಾದಕ್ಕೆ ಇಳಿಯಲಿಲ್ಲ. "ಇನ್ನೊಂದ್ಸಲ ಅಳಿ ಮಗಳೇ" ಎಂದೆ. ಕೊಡೆ ಕೆಳಗಿಡಿಸಿದೆ. ಸೆರಗಿಗೆ ಚುಚ್ಚುವ ಪಿನ್ನು, ಬೀಗದ ಕೈ, ಕೊಡೆಯ ಕಡ್ಡಿ ಹತ್ತಿರವಿದ್ದರೆ ಸಾಕು, ಮುಳ್ಳು ದಾರಿ ತಪ್ಪುತ್ತದೆ. ಚಿನ್ನದ ಬಳೆಗೆ ಮಾತ್ರ ಅದು ಸೊಪ್ಪು ಹಾಕುವುದಿಲ್ಲ! ಇನ್ನಿಬ್ಬರು ಬೇರೆ ಬೇರೆಯಾಗಿ ಅಳೆದರು. 221, 223 ಬಂತು. ಮುಳ್ಳು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಕೆಲವು ದೇಶಗಳಲ್ಲಿ ಅದು ಹತ್ತು ಡಿಗ್ರಿ ಮೀರುತ್ತದೆ, ನಮ್ಮಲ್ಲಿ ಒಂದೆರಡು ಡಿಗ್ರಿ. ಅದನ್ನು ಬಿಟ್ಟುಕೊಟ್ಟರೂ 18ರ ಅಂತರ ಮುಚ್ಚುವುದಿಲ್ಲ. 57 ಕಿಲೋಮೀಟರ್ ದೂರದಲ್ಲಿ ಒಂದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರ್ ತಪ್ಪಿದಂತೆ. ಮುಳ್ಳಯ್ಯನಗಿರಿಗೂ ಕುದುರೆಮುಖಕ್ಕೂ ಇರುವ ದೂರ ಹೆಚ್ಚುಕಡಿಮೆ ಅಷ್ಟೇ. ಅಂದರೆ ಅವರು ತೋರಿಸಿದ ದಿಕ್ಕಿಗೂ ಕುದುರೆಮುಖಕ್ಕೂ ನಡುವೆ ಹದಿನೆಂಟು ಕಿಲೋಮೀಟರ್!

240ರ ಕಡೆ ತಿರುಗಿದರೆ ಮಂಜಿನಲ್ಲಿ ಒಂದು ನೀಲಿ ಸಾಲು ಮಾತ್ರ. ಹುಡುಗಿ ಪುಸ್ತಕದಲ್ಲಿ "ಕುದುರೆಮುಖ ಇರಬಹುದು" ಎಂದು ಬರೆದಳು. ಆ 'ಇರಬಹುದು' ನೋಡಿ ನನಗೆ ಹೆಮ್ಮೆಯಾಯಿತು.

ಇಂಥ ತಪ್ಪು ದೊಡ್ಡವರಿಗೂ ಬಿಟ್ಟಿಲ್ಲ. ನಮ್ಮ ತಂದೆ ಎವರೆಸ್ಟನ್ನು ಕೊನೆಯವರೆಗೂ ಗೌರೀಶಂಕರ ಎಂದೇ ಕರೆಯುತ್ತಿದ್ದರು. ಅದರ ಮೂಲ ಹುಡುಕಿದರೆ 1850ರ ದಶಕಕ್ಕೆ ಹೋಗುತ್ತದೆ. ಜರ್ಮನಿಯ ವಿದ್ವಾಂಸ ಹರ್ಮನ್ ಶ್ಲಾಗಿನ್‌ಟ್ವೈಟ್ ನೇಪಾಳದ ಗುಡ್ಡವೊಂದರಿಂದ ಕಂಡ ಗೌರೀಶಂಕರವನ್ನೇ ಎವರೆಸ್ಟ್ ಎಂದು ತಿಳಿದರು. ವಿದ್ವಾಂಸರ ಮಾತು, ಯಾರು ಎದುರಾಡುತ್ತಾರೆ? 1903ರಲ್ಲಿ ಸರ್ವೆ ಇಲಾಖೆಯ ಕ್ಯಾಪ್ಟನ್ ಹೆನ್ರಿ ವುಡ್ ಅಲ್ಲಿಗೆ ಹೋಗಿ ಕೋನ ಅಳೆದಾಗಲೇ ಗೊತ್ತಾದದ್ದು, ಎರಡೂ ಬೇರೆ ಬೇರೆ, ನಡುವೆ ಸುಮಾರು 58 ಕಿಲೋಮೀಟರ್ ಅಂತರ ಎಂದು. ಗೌರೀಶಂಕರದ ಎತ್ತರ 7,134 ಮೀಟರ್, ಎವರೆಸ್ಟಿನದು 8,848. ತಪ್ಪು ತಿದ್ದಿ ಎಷ್ಟೋ ವರ್ಷವಾದರೂ ಹೆಸರು ನಮ್ಮ ತಂದೆಯ ನಾಲಿಗೆಯಲ್ಲಿ ಉಳಿದಿತ್ತು.

ಹಾಗೆಂದು ಮುಳ್ಳನ್ನೇ ದೇವರು ಮಾಡಬೇಕಾಗಿಲ್ಲ. ಡಾರ್ಜಿಲಿಂಗಿನ ಟೈಗರ್ ಹಿಲ್‌ನಿಂದ ನೋಡಿದರೆ ಎವರೆಸ್ಟಿಗೂ ಮಕಾಲುವಿಗೂ ನಡುವಿನ ಕೋನ ಒಂದು ಡಿಗ್ರಿಯೂ ಇಲ್ಲ. ಹತ್ತಿರದ ಮಕಾಲುವೇ ದೊಡ್ಡದಾಗಿ ಕಾಣುತ್ತದೆ. ಅಲ್ಲಿ ಕೈಯ ದಿಕ್ಸೂಚಿ ಸೋಲುತ್ತದೆ. ಶಿಖರಗಳ ಆಕಾರ, ಅವು ನಿಂತ ಸಾಲು ನೋಡಿಯೇ ಗುರುತು ಹಿಡಿಯಬೇಕು. ಈಗ ಮೊಬೈಲೇ ಬೆಟ್ಟದ ಹೆಸರು ಹೇಳುತ್ತದಲ್ಲ ಎನ್ನುತ್ತೀರಿ. ಅದರೊಳಗೂ ಇರುವುದು ದಿಕ್ಸೂಚಿಯೇ. ನಿಮ್ಮ ಮೊಬೈಲಿನ ಚೀಲಕ್ಕೆ ಅಯಸ್ಕಾಂತದ ಗುಂಡಿ ಇದ್ದರೆ ಅದೂ ತಪ್ಪು ಹೇಳುತ್ತದೆ.

"ನಿಂಗೇನು ಗೊತ್ತು, ಸುಮ್ನಿರು" ಎಂಬ ಮಾತು ನಮ್ಮ ಹುಡುಗಿಯರ ಕಿವಿಗೆ ಬೆಟ್ಟದ ಮೇಲಷ್ಟೇ ಅಲ್ಲ, ಊಟದ ಮನೆಯಲ್ಲೂ ಬೀಳುತ್ತದೆ. ಅದಕ್ಕೆ ಎದುರು ಕೂಗಬೇಕಾಗಿಲ್ಲ. ಇನ್ನೊಂದು ಸಲ ಅಳೆಯುವ ತಾಳ್ಮೆ, ಎಷ್ಟು ಗೊತ್ತೋ ಅಷ್ಟೇ ಹೇಳುವ ಧೈರ್ಯ, ಇವೆರಡು ಇದ್ದರೆ ಸಾಕು. ನಿಮ್ಮ ಮಗಳೋ ಮೊಮ್ಮಗಳೋ "ಅದಲ್ಲ ಅನ್ಸುತ್ತೆ" ಎಂದರೆ ನಗಬೇಡಿ. ಹೇಗೆ ಗೊತ್ತಾಯಿತು ಎಂದು ಕೇಳಿ.