ಸ್ಲೇಟಿನವನನ್ನು ಹುಡುಕಿದ್ದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಪರಸ್ಥಳದಲ್ಲಿ ಸೋರುವ ಮನೆಗೆ ಕೆಲಸದವನನ್ನು ಹುಡುಕಿ ನೋಡು ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಅವರಿಗೆ ಆ ಅನುಭವ ಆಗಿರಲಾರದು. ನನಗೆ ಆಗಿದೆ.

2019ರ ಬೇಸಿಗೆ ರಜೆಯಲ್ಲಿ ನಾನು ಸ್ಕಾಟ್ಲೆಂಡಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಊರಿನ ಹೆಸರು ಪೀಬಲ್ಸ್. ಎಡಿನ್‌ಬರೋದಿಂದ ದಕ್ಷಿಣಕ್ಕೆ ಸುಮಾರು 37 ಕಿಲೋಮೀಟರು ದೂರ, ಟ್ವೀಡ್ ನದಿಯ ದಡದಲ್ಲಿರುವ ಸಣ್ಣ ಪೇಟೆ. ರೈಲು 1962ರಲ್ಲೇ ನಿಂತುಹೋದ್ದರಿಂದ ಬಸ್ಸೇ ಗತಿ. ತಂಗಿಯೂ ಅವಳ ಗಂಡನೂ ಬೆಳಗಾದರೆ ಎಡಿನ್‌ಬರೋಗೆ ಬಸ್ಸು ಹತ್ತುವವರು. ಕಲ್ಲಿನ ಹಳೆಯ ಕಟ್ಟಡವೊಂದರ ಮೇಲಂತಸ್ತಿನಲ್ಲಿ ಅವರ ಮನೆ. ಅದೇ ಸೂರಿನಡಿ ಇನ್ನೂ ಮೂರು ಸಂಸಾರಗಳು. ಬಂದು ಎರಡು ವರ್ಷವಾಗಿದ್ದರೂ ನನ್ನ ತಂಗಿಗೆ ಅವರೊಡನೆ ಇದ್ದ ಬಳಕೆ, ಮೆಟ್ಟಿಲ ಮೇಲೆ ಎದುರಾದಾಗ ಒಂದು ನಗೆ, ಅಷ್ಟೆ.

ನಾನು ಹೋದ ಮೂರನೆಯ ದಿನ ಮಳೆ ಹಿಡಿಯಿತು. ತಂಗಿ ಆಗ ಏಳು ತಿಂಗಳ ಬಸುರಿ. ಹುಟ್ಟಲಿರುವ ಕೂಸಿಗೆಂದು ಬಣ್ಣ ಬಳಿಸಿಟ್ಟಿದ್ದ ಕೋಣೆಯ ಮೂಲೆಯಲ್ಲೇ ನೀರು ತೊಟ್ಟಿಕ್ಕತೊಡಗಿತು. ಕೆಳಗೆ ಪಾತ್ರೆಯಿಡುತ್ತಾ ಅವಳು, "ಅಣ್ಣ, ನಮ್ಮಿಬ್ಬರಿಗೂ ರಜೆಯಿಲ್ಲ. ನೀನಾದರೂ ಯಾರನ್ನಾದರೂ ಹುಡುಕು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅದು ಸೂರಿನದಲ್ಲ.

ಮರುದಿನ ಟೆಲಿಫೋನು ಹಿಡಿದು ಕುಳಿತೆ. ಒಬ್ಬ, ಇಷ್ಟು ಚಿಕ್ಕ ಕೆಲಸಕ್ಕೆ ಬರುವುದಿಲ್ಲವೆಂದ. ಇನ್ನೊಬ್ಬ ಮಂಗಳವಾರ ಬರುತ್ತೇನೆಂದ. ಯಾವ ಮಂಗಳವಾರವೆಂದು ಹೇಳಲಿಲ್ಲ. ಮೂರನೆಯವನ ಇಂಗ್ಲಿಷು, ನಿಮಗೆಲ್ಲ ಹದಿನೈದು ವರ್ಷದಿಂದ ಇಂಗ್ಲಿಷ್ ಪಾಠ ಹೇಳುತ್ತಿರುವ ನನಗೇ ತಿಳಿಯಲಿಲ್ಲ! ಗ್ಯಾಸಿನ ಒಲೆ ಕೆಟ್ಟಿದ್ದರೆ ಇಷ್ಟು ಕಷ್ಟವಿರಲಿಲ್ಲ. 2009ರಿಂದ ಅಲ್ಲಿ ಗ್ಯಾಸ್ ಸೇಫ್ ರಿಜಿಸ್ಟರ್ ಎಂಬ ದಾಖಲೆಯಿದೆ. ಅದರಲ್ಲಿ ಹೆಸರಿದ್ದವರೇ ಗ್ಯಾಸಿನ ಕೆಲಸ ಮಾಡಬೇಕೆಂದು ಕಾನೂನು. ಸೂರಿಗೆ ಅಂಥ ಕಟ್ಟಳೆಯಿಲ್ಲ. ಏಣಿಯುಳ್ಳವನೆಲ್ಲ ಕಸುಬುದಾರನೇ. ಹಾಗಾದರೆ ಯಾರನ್ನು ನಂಬುವುದು?

ಕಡೆಗೆ ಕೆಳಮನೆಯ ವೃದ್ಧೆಯ ಬಾಗಿಲು ತಟ್ಟಿದೆ. "ನಿಮಗೆ ಬೇಕಾದವನು ಸ್ಲೇಟರ್" ಎಂದು ಆಕೆ ಮೊದಲು ನನ್ನ ಮಾತನ್ನು ತಿದ್ದಿದರು. ಬಳಪ ಹಿಡಿದು ಅಕ್ಷರ ತಿದ್ದಿದ ಸ್ಲೇಟೇ ಅಲ್ಲಿಯ ಮನೆಗಳಿಗೆ ಹಂಚು! ಬಡಗಿಯನ್ನು ಅಲ್ಲಿ ಜಾಯ್ನರ್ ಎನ್ನಬೇಕಂತೆ. ಕಸುಬುಗಳೇ ಅಲ್ಲಿ ಮನೆತನದ ಹೆಸರುಗಳೂ ಆಗಿವೆ: ವೆಬ್‌ಸ್ಟರ್ ಎಂದರೆ ನೇಕಾರ, ಬ್ಯಾಕ್ಸ್‌ಟರ್ ಎಂದರೆ ರೊಟ್ಟಿ ಸುಡುವವ, ರೈಟ್ ಎಂದರೆ ಬಡಗಿ. ನಮ್ಮ ಉತ್ತರ ಕರ್ನಾಟಕದ ಬಡಿಗೇರ, ಕಂಬಾರ, ಪತ್ತಾರರು ನೆನಪಾದರು. ಮಾತಿನ ನಡುವೆಯೇ ಆಕೆ ಒಬ್ಬನಿಗೆ ಫೋನು ಮಾಡಿದರು. ಅವನ ತಂದೆಯೂ ಇದೇ ಸೂರನ್ನು ಹತ್ತಿದ್ದವನಂತೆ.

ಅವನು ಮರುದಿನವೇ ಬಂದ. ಎರಡು ಸ್ಲೇಟು ಜಾರಿದ್ದುವು. ಅಲ್ಲಿ ಸ್ಲೇಟನ್ನು ಹಲಗೆಯ ಮೇಲೆ, ತಲೆಯ ಕಡೆ ಒಂದೇ ಮೊಳೆ ಹೊಡೆದು ಕೂರಿಸುವುದು ಹಳೆಯ ವಾಡಿಕೆ. ಪಕ್ಕದವನ್ನು ಓರೆಗೆ ಸರಿಸಿ ಹೊಸದನ್ನು ಸೇರಿಸಿಬಿಡಬಹುದು. ಹೊಸದೆಂದರೂ ಹೊಸದಲ್ಲ. ಹೆಸರಾಂತ ಬ್ಯಾಲಹೂಲಿಷ್ ಕಲ್ಲುಗಣಿ 1955ರಲ್ಲೇ ಮುಚ್ಚಿದ್ದರಿಂದ, ಕೆಡವಿದ ಮನೆಗಳ ಸ್ಲೇಟನ್ನೇ ಜೋಪಾನ ಮಾಡಿ ಬಳಸುತ್ತಾರೆ.

ಆದರೆ ಅವನು ಕೂಡಲೇ ಕೆಲಸಕ್ಕಿಳಿಯಲಿಲ್ಲ. "ಸೂರು ಎಲ್ಲರದು. ಉಳಿದವರನ್ನು ಕೇಳಿದಿರಾ?" ಎಂದ. ಅಲ್ಲಿ 2004ರ ಕಾಯಿದೆಯೊಂದಿದೆ: ಮನೆಪತ್ರದಲ್ಲಿ ಬೇರೆ ಏರ್ಪಾಡಿಲ್ಲದಿದ್ದರೆ, ಒಂದೇ ಸೂರಿನಡಿ ಇರುವ ಮನೆಗಳ ಒಡೆಯರಲ್ಲಿ ಹೆಚ್ಚಿನವರು ಒಪ್ಪಿ ದುರಸ್ತಿ ಮಾಡಿಸಬೇಕು, ಖರ್ಚು ಎಲ್ಲರಿಗೂ ಸೇರುತ್ತದೆ. ಸಂಜೆ ತಂಗಿ ಅಳುಕುತ್ತಲೇ, ನಾನು ಒಯ್ದಿದ್ದ ಕೋಡುಬಳೆಯನ್ನು ಮೂರು ಪೊಟ್ಟಣ ಕಟ್ಟಿಕೊಂಡು ಹೊರಟಳು. ಹತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಎದುರುಮನೆಯವರು, "ನಮ್ಮ ಗೋಡೆಯೂ ಒದ್ದೆ. ಯಾರಾದರೂ ಮೊದಲು ಬಾಯಿ ಬಿಡಲೆಂದು ಕಾದಿದ್ದೆವು" ಎಂದರಂತೆ! ಎಲ್ಲರೂ ಒಪ್ಪಿದ್ದರು. ತಂಗಿಯ ಕೈಯ ಚೀಟಿಯಲ್ಲಿ ನಲ್ಲಿ ರಿಪೇರಿಯವನ ಹೆಸರಿತ್ತು, ಜಾಯ್ನರ್ ಹೆಸರಿತ್ತು, ಕೂಸನ್ನು ನೋಡಿಕೊಳ್ಳಬಲ್ಲ ಒಬ್ಬಾಕೆಯ ಹೆಸರೂ ಇತ್ತು. ಎರಡು ವರ್ಷ ವಿಳಾಸವಷ್ಟೇ ಆಗಿದ್ದ ಜಾಗ ಆ ಸಂಜೆ ಅವಳಿಗೆ ಊರಾಯಿತು. ಎರಡು ದಿನದಲ್ಲಿ ಸೂರೂ ಸರಿಯಾಯಿತು.

ನಾನು ಮಲೆನಾಡಿಗೆ ಮರಳಿದಾಗ ಮಳೆಗಾಲ ಬಾಗಿಲಲ್ಲಿತ್ತು. ವರ್ಷವರ್ಷವೂ ನಮ್ಮ ಮನೆಯ ಹಂಚು ಕೈಯಾಡಿಸುವಾತ ಮಾಡಿನ ಮೇಲಿದ್ದ. ಇಷ್ಟು ಕಾಲವೂ ಅವನನ್ನು ನಾನು 'ಹಂಚಿನವನು' ಎಂದೇ ಕರೆದಿದ್ದೆ. ಅವನು ಇಳಿದು ಬಂದಮೇಲೆ ಕಾಫಿ ಕೊಟ್ಟು ಹೆಸರು ಕೇಳಿದೆ. ಕೂಲಿಯಲ್ಲಿ ಏನೋ ಕಡಿಮೆ ಮಾಡಲು ಹೊರಟಿದ್ದೇನೆಂದು ಅವನು ಅನುಮಾನಪಟ್ಟನೇ ಹೊರತು ಸಂತೋಷಪಡಲಿಲ್ಲ. ತಪ್ಪು ಅವನದಲ್ಲ. ಕೇಳುವುದಕ್ಕೆ ನಾನು ಇಪ್ಪತ್ತು ವರ್ಷ ತಡಮಾಡಿದ್ದೆ.