ಹೊರಟ ದಿನವೇ ಇಳಿದದ್ದು

ಸನ್ನಿವೇಲ್
ಫೆಬ್ರವರಿ 2024

ಪ್ರೀತಿಯ ಅಕ್ಕ,

ಸುಖವಾಗಿ ಬಂದು ಸೇರಿದೆ. ಮಗು ಮೊದಲು ಹತ್ತಿರವೇ ಬರಲಿಲ್ಲ, ಈಗ ಸೆರಗು ಬಿಡುವುದಿಲ್ಲ.

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ ಅಂತ ಭಾವ ಅಟ್ಲಾಸ್ ಮೇಲೆ ಸ್ಕೇಲ್ ಇಟ್ಟು ಕೂತಿದ್ದರಲ್ಲ, ಅವರಿಗೆ ಇದನ್ನು ಓದಿ ಹೇಳು. ಸುಮಾರು 14,000 ಕಿ.ಮೀ. ಎಲ್ಲೂ ನಿಲ್ಲದೆ ಹದಿನಾರೂವರೆ ಗಂಟೆ ಹಾರಾಟ. ಮೈಸೂರಿಂದ ದೇವನಹಳ್ಳಿಗೆ ಫ್ಲೈಬಸ್ಸಲ್ಲಿ ನಾಲ್ಕು ಗಂಟೆ ಕೂತಿದ್ದು ನೆನೆದರೆ ಇದೇನು ಹೆಚ್ಚಲ್ಲ, ಕಾಲು ಮಾತ್ರ ಬಾತುಕೊಂಡಿತು.

ಆದರೆ ಸ್ಕೇಲ್ ಕೆಲಸಕ್ಕೆ ಬಾರದು. ಗ್ಲೋಬ್ ಮೇಲೆ ದಾರ ಬಿಗಿಯಾಗಿ ಎಳೆದು ಹಿಡಿಯಬೇಕಂತೆ, ಅಳಿಯಂದಿರು ಹಿಡಿದು ತೋರಿಸಿದರು. ದಾರ ಟಿಬೆಟ್ ದಾಟಿ, ಸೈಬೀರಿಯಾದ ಉತ್ತರ ಕರಾವಳಿಗೆ ಹೋಗಿ, ಅಲಾಸ್ಕಾ ಮೇಲೆ ಇಳಿದು ಬರುತ್ತದೆ! ನಮ್ಮ ವಿಮಾನ ಆ ದಾರಿ ಹಿಡಿಯಲಿಲ್ಲ. ಬಂಗಾಳ ಕೊಲ್ಲಿ, ಚೀನಾ, ಜಪಾನ್, ಆಮೇಲೆ ಬರೀ ಪೆಸಿಫಿಕ್ ನೀರು. ಯಾಕೆಂದರೆ, ವಿಮಾನದ ಒಳಗಿನ ಗಾಳಿಯ ಒತ್ತಡ ತಪ್ಪಿದರೆ ಮೂರು ಸಾವಿರ ಮೀಟರಿಗೆ ಬೇಗ ಇಳಿಯಬೇಕು, ತಲೆಯ ಮೇಲಿಂದ ಬೀಳುವ ಮುಖವಾಡದಲ್ಲಿ ಆಮ್ಲಜನಕ ಹತ್ತಿಪ್ಪತ್ತು ನಿಮಿಷದ್ದಷ್ಟೇ. ಟಿಬೆಟ್ಟಿನ ನೆಲವೇ ನಾಲ್ಕೂವರೆ ಸಾವಿರ ಮೀಟರ್ ಮೇಲಿದೆ, ಇಳಿಯುವುದೆಲ್ಲಿಗೆ? ಜೊತೆಗೆ ಚಳಿಗಾಲದಲ್ಲಿ ಜಪಾನಿನ ಮೇಲೆ ಪಶ್ಚಿಮದಿಂದ ಬೀಸುವ ಜೆಟ್ ಸ್ಟ್ರೀಮ್ ಬಹಳ ಜೋರು. ಬೆನ್ನಿಗೆ ಆ ಗಾಳಿ ಸಿಕ್ಕರೆ ಬಳಸು ದಾರಿಯೇ ಲಾಭ. ಎದುರಿನ ಪರದೆಯಲ್ಲಿ ವೇಗ ಗಂಟೆಗೆ 1,100 ಕಿ.ಮೀ. ದಾಟಿದ್ದನ್ನು ನಾನೇ ನೋಡಿದೆ.

ನನಗೆ ತಲೆ ಕೆಟ್ಟದ್ದು ಏಕಾದಶಿ ವಿಷಯಕ್ಕೆ. ಹೊರಟದ್ದು ಏಕಾದಶಿ ಮಧ್ಯಾಹ್ನ ಎರಡೂವರೆಗೆ. ಪೂರ್ವಕ್ಕೆ ಹೋಗುತ್ತೇವಲ್ಲ, ಕತ್ತಲು ಬೇಗ ಬಂತು, ಬೇಗ ಹೋಯಿತು ಕೂಡ. ಪೆಸಿಫಿಕ್ ನಡುವೆ ಸೂರ್ಯ ಹುಟ್ಟಿದ. ಇಳಿದಾಗ ಗಡಿಯಾರದಲ್ಲಿ ಸಂಜೆ ಐದೂವರೆ, ಕ್ಯಾಲೆಂಡರಿನಲ್ಲಿ ಹೊರಟ ತಾರೀಖೇ! ನಡುವೆ ದಿನಾಂಕ ರೇಖೆ ದಾಟಿದ್ದೆವು. ಹಾಗಾದರೆ ನಾನು ಕಂಡದ್ದು ದ್ವಾದಶಿಯ ಸೂರ್ಯನೋ, ಏಕಾದಶಿಯವನೇ ಮತ್ತೆ ಬಂದನೋ? ತಿಥಿ ಚಂದ್ರನ ಲೆಕ್ಕ, ತಾರೀಖಿನ ಗೆರೆ ಅದಕ್ಕಿಲ್ಲ, ಭೂಮಿಗೆಲ್ಲ ಒಂದೇ ಗಳಿಗೆಗೆ ಬದಲಾಗುತ್ತದೆ ಅಂತ ಧೈರ್ಯ ತಂದುಕೊಂಡು, ಬಿಸಿಲು ಕಂಡದ್ದೇ ಪಾರಣೆ ಮಾಡಿದೆ. ತೀರ್ಥದ ಬದಲು ಬಾಟಲಿ ನೀರು. ಪುರೋಹಿತರು ಸಿಕ್ಕರೆ ಕೇಳಿಡು, ಬೈದರೆ ಮಾತ್ರ ನನಗೆ ಹೇಳಬೇಡ. ಇಲ್ಲಿನ ಸೂರ್ಯೋದಯಕ್ಕೇ ಗುಣಿಸಿದ ಪಂಚಾಂಗ ಮಗಳ ಮನೆಯಲ್ಲಿದೆ, ಮುಂದಿನದಕ್ಕೆ ಚಿಂತೆಯಿಲ್ಲ.

ಫೋನ್ ಮಾಡುವುದಾದರೆ ನಿನ್ನ ಕಾಫಿ ಆದ ಮೇಲೆ, ಬೆಳಿಗ್ಗೆ ಏಳಕ್ಕೆ ಮಾಡು. ನಮಗೆ ಹಿಂದಿನ ದಿನದ ಸಂಜೆ ಐದೂವರೆ. ಮಾರ್ಚ್ ಎರಡನೇ ಭಾನುವಾರದಿಂದ ಇವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ನಿನ್ನ ಏಳು ಇಲ್ಲಿ ಆರೂವರೆ. ಮಗು ಮಲಗುವುದು ಏಳೂವರೆಗೆ, ಅದರೊಳಗೆ ಮಾಡಿದರೆ ಅದರ ಮಾತೂ ಕೇಳಿಸುತ್ತೇನೆ.

ಭಾವನವರಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ